ಬಾಲದವರ ಅವಿಭಕ್ತ ಕುಟುಂಬ

ನಮ್ಮೂರಿನಲ್ಲಿ ಮದುವೆ ಊಟಕ್ಕೆ ಕೂತರೆ ಎಲೆ ಹಾಕುವವನು ಮೊದಲು ಕೇಳುವುದು ಒಳಮನೆಯವರು ಇದ್ದಾರಾ ಅಂತ. ಇದ್ದಾರೆ ಅಂದರೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಅದರ ತುದಿಗೂ ಒಂದು ಚಿಟಿಕೆ ಉಪ್ಪು ಬಡಿಸಿ ಮುಂದೆ ಹೋಗುತ್ತಾನೆ. ಒಳಮನೆಯವರು ಅಂದರೆ ಹೊಟ್ಟೆಯಲ್ಲೋ ರಕ್ತದಲ್ಲೋ ಬಂದು ಸೇರಿಕೊಂಡು, ನಮ್ಮದನ್ನೇ ತಿಂದು ಬದುಕುವ, ಬರಿಗಣ್ಣಿಗೆ ಕಾಣದ ಒಂದೇ ಜೀವಕೋಶದ ಪರಾವಲಂಬಿಗಳು. ಬೇರೆ ಊರಿನವರು ಇದನ್ನು ರೋಗ ಅನ್ನುತ್ತಾರಂತೆ. ನಮ್ಮಲ್ಲಿ ಆ ಮಾತಾಡಿದರೆ ಎದುರಿಗೆ ಕೂತವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಾರೆ. ಆ ಎರಡನೇ ಎಲೆಯಲ್ಲಿ ಬಡಿಸಿದ್ದನ್ನು ಒಳಮನೆಯವರ ಪರವಾಗಿ ಅವರನ್ನು ಇಟ್ಟುಕೊಂಡವರೇ ತಿನ್ನಬೇಕು. ಒಳಗೆ ಒಂದು ನರಪಿಳ್ಳೆಯೂ ಇಲ್ಲದ ಕೆಲವರು, ಇದ್ದಾರೆ ಅಂತ ಸುಳ್ಳು ಹೇಳಿ ಹೋಳಿಗೆ ಬಾರಿಸುವುದುಂಟು. ಅಂಥವರ ಹೆಸರು ನಾನು ಹೇಳುವುದಿಲ್ಲ, ಅವರಲ್ಲಿ ಇಬ್ಬರು ನನ್ನ ಸಹೋದ್ಯೋಗಿಗಳು.

ಊರಿನ ನಿಯಮ ಚಿಕ್ಕದು. ಒಂದು ಮನೆಯ ಉಪ್ಪು ತಿಂದವರನ್ನು ಆ ಮನೆಯವರು ಕೊಲ್ಲುವಂತಿಲ್ಲ, ಹೊರಗೆ ಹಾಕುವಂತಿಲ್ಲ. ಹಾಗೆಯೇ ಉಪ್ಪು ತಿಂದವರು ಆ ಮನೆಯ ಮೇಲೆ ಚಾವಡಿಯಲ್ಲಿ ದೂರು ಹೇಳುವಂತಿಲ್ಲ. ರಕ್ತದಲ್ಲಿ ಉಪ್ಪಿರುವುದರಿಂದ ಒಳಮನೆಯವರೂ ಉಪ್ಪು ತಿಂದವರೇ ಅಂತ ಹಿಂದೆ ಯಾರೋ ತೀರ್ಮಾನ ಕೊಟ್ಟರು, ಅಲ್ಲಿಂದ ಎಲ್ಲರೂ ಹೊಂದಿಕೊಂಡರು. ಹೊಟ್ಟೆಯಲ್ಲಿ ಅಮೀಬ ಇಟ್ಟುಕೊಂಡವರಿಗೆ ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿ ಮೀಸಲು. ಭಾಷಣದ ಮಧ್ಯೆ ಅವರು ಎದ್ದು ಓಡಿದರೆ ಭಾಷಣಕಾರರು ಕೈಮುಗಿದು ಕಾಯುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಅಂತ ಕೇಳಿದ ಮೇಲೆ ಒಳಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ಔಷಧದ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು, ನೋವಿನ ಎಣ್ಣೆ ಸಿಗುತ್ತವೆ. ಒಳಮನೆಯವರನ್ನು ಮುಟ್ಟುವಂಥದ್ದು ಏನೂ ಸಿಗುವುದಿಲ್ಲ.

ನಾನು ಶಿವಲೀಲಾ, ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತಂಗಿ ನೀಲಾಂಬಿಕೆ ಹೊಲಿಗೆ ಮಾಡುತ್ತಾಳೆ. ಇಬ್ಬರಿಗೂ ಮದುವೆಯಾಗಲಿಲ್ಲ. ನಾನು ಬೇಡ ಅಂದೆ, ಅವಳಿಗೆ ಬಂದವರಲ್ಲಿ ಯಾರ ಅಳತೆಯೂ ಸರಿಹೋಗಲಿಲ್ಲ. ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ಅಷ್ಟರಲ್ಲಿ ನೀಲುವಿನ ರಕ್ತಕ್ಕೆ ಬಾಲದವರು ಬಂದರು. ಉದ್ದುದ್ದ ಮೈಯ, ಚಾವಟಿಯಂಥ ಬಾಲದ, ಸದಾ ಈಜಾಡುವ ಜಾತಿ ಅದು. ಅವರು ಬಂದ ಮನೆಯಲ್ಲಿ ಹಗಲು ನಿದ್ದೆ ಶುರುವಾಗುತ್ತದೆ.

ಮೊದಮೊದಲು ನಗು ಬರುತ್ತಿತ್ತು. ನೀಲು ಮೆಷಿನ್ ತುಳಿಯುತ್ತ ತುಳಿಯುತ್ತ ತೂಕಡಿಸುವಳು, ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. ರವಿಕೆಯ ಕುತ್ತಿಗೆ ಮುಚ್ಚಿ ಹೊಲಿದಳು. ಲಂಗವೊಂದನ್ನು ಕಿಟಕಿಯ ಪರದೆಗೆ ಸೇರಿಸಿ ಹೊಲಿದಳು, ಆ ಹುಡುಗಿಯ ತಾಯಿ ಬಂದು ಪರದೆಯ ಬಣ್ಣ ಚೆನ್ನಾಗಿದೆ ಅಂದು ಹಾಗೇ ಒಯ್ದಳು. ಚಾವಡಿಯ ಅಧ್ಯಕ್ಷರಾದ ಮರುಳಸಿದ್ದಪ್ಪನವರ ಜುಬ್ಬಕ್ಕೆ ಎರಡೂ ತೋಳುಗಳನ್ನು ಒಂದೇ ಪಕ್ಕಕ್ಕೆ ಇಟ್ಟಳು. ಒಳಮನೆಯವರಿಂದ ಬಂದ ಆಯಾಸಕ್ಕೆ ಆದದ್ದು ಅಂತ ಗೊತ್ತಾದ ಮೇಲೆ ಅದನ್ನು ಬಿಚ್ಚಿಸುವುದು ಅವಮರ್ಯಾದೆ ಅಂತ ಅವರು ಹಾಗೇ ತೊಟ್ಟರು. ಬಲಗೈಯನ್ನು ಒಂದು ತೋಳಿಗೆ ತೂರಿಸಿ, ಎಡಗೈಯನ್ನು ಜುಬ್ಬದೊಳಗೇ ಮಡಚಿಟ್ಟುಕೊಂಡು, ಖಾಲಿ ತೋಳು ಬೀಸಿಕೊಂಡು ಸಭೆಗೆ ಬರುತ್ತಿದ್ದರು.

ಆಮೇಲೆ ನಗು ನಿಂತಿತು. ನೀಲು ಅನ್ನದ ತುತ್ತು ಬಾಯಲ್ಲಿ ಇಟ್ಟುಕೊಂಡೇ ಮಲಗಿಬಿಡುತ್ತಿದ್ದಳು. ನಾನು ಗಲ್ಲ ತಟ್ಟಿ ಅಗಿಸಬೇಕಾಗುತ್ತಿತ್ತು. ಕೈಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದಳು. ಡಾಕ್ಟರ್ ಕರಿಬಸಪ್ಪನವರು ವಾರಕ್ಕೊಮ್ಮೆ ಬಂದು ಒಂದು ಹನಿ ರಕ್ತ ತೆಗೆದು ಒಳಮನೆಯವರ ಯೋಗಕ್ಷೇಮ ನೋಡಿ ಹೋಗುವುದು ಪದ್ಧತಿ. ಆ ಸಲ ನೋಡಿ, ಬಹಳ ಚೆನ್ನಾಗಿ ಬೆಳೆದಿದ್ದಾರೆ, ನಿಮ್ಮ ತಂಗಿಯ ಆತಿಥ್ಯವೇ ಆತಿಥ್ಯ ಅಂತ ನೀಲುವಿನ ಮುಂದೆ ಹೊಗಳಿದರು. ಬಾಗಿಲಾಚೆ ಬಂದ ಮೇಲೆ ಮಾತ್ರ ನನ್ನ ಮುಖ ನೋಡದೆ ಹೇಳಿದರು. ಹೀಗೇ ಹೆಚ್ಚುತ್ತ ಹೋದರೆ ಅವರು ರಕ್ತದಿಂದ ತಲೆಗೆ ಹತ್ತುತ್ತಾರೆ, ತಲೆಗೆ ಹತ್ತಿದ ಮೇಲೆ ನೀಲು ಏಳುವುದಿಲ್ಲ. ಅಷ್ಟು ಹೇಳಿ, ಶಕ್ತಿಗೆ ಅಂತ ಒಂದು ಟಾನಿಕ್ ಕೊಟ್ಟರು. ಅದು ಒಳಮನೆಯವರಿಗೂ ಒಳ್ಳೆಯದಂತೆ.

ನನಗೆ ಬಂದ ಸಿಟ್ಟಿಗೆ ಆ ಟಾನಿಕ್ಕನ್ನು ಅವರ ತಲೆಗೇ ಸುರಿಯಬೇಕಿತ್ತು. ನೀಲು ನನಗಿಂತ ಚಿಕ್ಕವಳು, ನಾನು ಎತ್ತಿ ಆಡಿಸಿದವಳು. ಅವಳನ್ನು ಕಳೆದುಕೊಂಡು ಆ ಮನೆಯಲ್ಲಿ ನಾನು ಯಾರ ಹತ್ತಿರ ಜಗಳವಾಡಲಿ? ಕಾಲೇಜಿನ ಪ್ರಯೋಗಶಾಲೆಗೆ ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂತೆ. ಕೊಲ್ಲುವಂತಿಲ್ಲ, ಹೊರಗೆ ಹಾಕುವಂತಿಲ್ಲ. ಸರಿ, ಇದ್ದಲ್ಲೇ ಇದ್ದು ಹೆಚ್ಚದ ಹಾಗೆ ಮಾಡಲು ಬರುತ್ತದೆಯೇ ನೋಡೋಣ ಅಂದುಕೊಂಡೆ.

ಬಾಲದವರಿಗೆ ಮೂಳೆಯಿಲ್ಲ. ಚರ್ಮದ ಕೆಳಗೆ ಉದ್ದಕ್ಕೂ ಸಾಲಾಗಿ ನಿಂತ ಸೂಕ್ಷ್ಮನಳಿಕೆಗಳೇ ಅವರ ಮೈಕಟ್ಟು, ಬುಟ್ಟಿಗೆ ಬಿದಿರ ಸೀಳುಗಳಿದ್ದ ಹಾಗೆ. ಆ ನಳಿಕೆಗಳ ಮೈಯಿಂದ ಸಣ್ಣ ಸಣ್ಣ ಎಳೆಗಳು ಹೊರಗೆ ಚಾಚಿರುತ್ತವೆ. ಹೊಸ ನಳಿಕೆಯಾದರೆ ಎಳೆಯ ತುದಿಯಲ್ಲಿ ಒಂದು ಮಣಿ ಇರುತ್ತದೆ. ನಳಿಕೆ ಬಲಿತು ನೆಲೆಯಾದ ಮೇಲೆ ಒಂದು ಕಿಣ್ವ ಬಂದು ಆ ಮಣಿಯನ್ನು ಕತ್ತರಿಸಿ ಹಾಕುತ್ತದೆ. ಬೇಕಾದಾಗ ಇನ್ನೊಂದು ಕಿಣ್ವ ಬಂದು ಮಣಿಯನ್ನು ತಿರುಗಿ ಸೇರಿಸುತ್ತದೆ. ಜೀವಮಾನವೆಲ್ಲ ಅವಕ್ಕೆ ಅದೊಂದೇ ಕೆಲಸ, ಒಬ್ಬ ಕತ್ತರಿಸುವುದು, ಇನ್ನೊಬ್ಬ ಅಂಟಿಸುವುದು. ನಮ್ಮ ಕಾಲೇಜಿನಲ್ಲಿ ಇದಕ್ಕಿಂತ ಕಡಿಮೆ ಕೆಲಸ ಮಾಡಿ ನಿವೃತ್ತರಾದವರಿದ್ದಾರೆ.

ಆದರೆ ಆ ಕತ್ತರಿ ಕಿಣ್ವದ ಕೆಲಸ ಎಷ್ಟು ದೊಡ್ಡದು ಅಂತ ತಿಳಿದದ್ದು ಅದನ್ನು ತಡೆದಾಗ. ಬಾಲದವರು ಹೆಚ್ಚುವುದು ಪಾಲಾಗುವುದರಿಂದ. ಒಬ್ಬ ಇದ್ದವನು ತನ್ನೊಳಗಿನದನ್ನೆಲ್ಲ ಎರಡೆರಡು ಮಾಡಿಕೊಂಡು, ನಡುವೆ ಸೀಳಿ, ಇಬ್ಬರಾಗುತ್ತಾನೆ. ಸೀಳಬೇಕಾದರೆ ಯಾವ ನಳಿಕೆ ಹಳೆಯದು, ಯಾವುದು ಹೊಸದು ಅಂತ ಗುರುತು ಬೇಕು. ಮಣಿ ಕತ್ತರಿಸುವವನೇ ಇಲ್ಲದಿದ್ದರೆ ಎಲ್ಲವೂ ಹೊಸದೇ, ಪಾಲು ಎಲ್ಲಿಂದ ಮಾಡುವುದು ಅಂತ ಗೊತ್ತಾಗದೆ ಮೈ ಹಾಗೇ ನಿಂತುಬಿಡುತ್ತದೆ. ನಾನು ಅದನ್ನೂ ಇದನ್ನೂ ಬೆರೆಸಿ ನೋಡಿ, ಕೊನೆಗೆ ಆ ಕತ್ತರಿಯ ಬಾಯಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಒಂದು ಬಿಳಿ ಪುಡಿ ಮಾಡಿದೆ. ವಿಷದಂತೆ ಕಹಿ. ನೀಲುವಿನ ರಕ್ತದ ಹನಿಗೆ ಅದನ್ನು ಹಾಕಿ ನೋಡಿದರೆ, ಒಬ್ಬರೂ ಸಾಯಲಿಲ್ಲ. ಒಂದೊಂದು ಮೈಯಲ್ಲಿ ಎರಡೆರಡು, ಮೂರು ಮೂರು ಬಾಲ, ಒಳಗೆ ಅಷ್ಟೇ ಸಂಖ್ಯೆಯ ಯಜಮಾನರು, ಅಂದರೆ ಕೋಶಕೇಂದ್ರಗಳು. ಒಂದು ಬಾಲ ಆ ಕಡೆ ಎಳೆದರೆ ಇನ್ನೊಂದು ಈ ಕಡೆ. ಉಬ್ಬಿಕೊಂಡು, ಒಬ್ಬರಿಗೊಬ್ಬರು ಸಿಕ್ಕಿಕೊಂಡು, ನಿಂತಲ್ಲೇ ತಿರುಗುತ್ತಿದ್ದರು. ತಲೆಗೆ ಹತ್ತುವುದಿರಲಿ, ಹಾಕಿದ ಹನಿಯ ಅಂಚಿಗೂ ಅವರಿಂದ ಹೋಗಲಾಗಲಿಲ್ಲ.

ಕದ್ದು ಕೊಡೋಣವೆಂದರೆ ಡಾಕ್ಟರು ವಾರವಾರ ಇಣುಕುವವರು. ಮೂರು ಬಾಲ ಕಂಡರೆ ಚಾವಡಿಗೆ ಸುದ್ದಿ ಹೋಗುವುದು ಖಂಡಿತ. ಹಾಗಾಗಿ ನಾನೇ ಅಪ್ಪಣೆ ಕೇಳಲು ಹೋದೆ. ಹೋಗುವ ಮೊದಲು ಮರುಳಸಿದ್ದಪ್ಪನವರ ಬಗ್ಗೆ ಚೆನ್ನಾಗಿ ಯೋಚಿಸಿಕೊಂಡಿದ್ದೆ. ಅವರು ಹೆಂಡತಿ ತೀರಿಕೊಂಡ ಮನುಷ್ಯ. ಇಬ್ಬರು ತಮ್ಮಂದಿರು, ಅವರ ಹೆಂಡತಿಯರಾದ ಹಾಲಮ್ಮ ಮತ್ತು ಗಂಗಮ್ಮ, ಮಕ್ಕಳು ಮರಿ ಎಲ್ಲ ಒಂದೇ ಸೂರು, ಒಂದೇ ಒಲೆ. ಯಾವ ಸಭೆಯಲ್ಲಿ ಎದ್ದು ನಿಂತರೂ ಮಾತು ತಿರುಗಿ ತಿರುಗಿ ತಮ್ಮ ಅವಿಭಕ್ತ ಕುಟುಂಬಕ್ಕೇ ಬರುತ್ತಿತ್ತು. ಚರಂಡಿ ಉದ್ಘಾಟನೆಯಲ್ಲೂ ಅದನ್ನೇ ಹೇಳಿದ್ದರು. ಇನ್ನೊಂದು ಹೆಮ್ಮೆಯೂ ಅವರಿಗಿತ್ತು. ಅಧ್ಯಕ್ಷರಾದಾಗಿನಿಂದ ತಮ್ಮ ಮನೆಯದಲ್ಲದೆ ಬೇರೆಯವರ ಉಪ್ಪು ಮುಟ್ಟಿದವರಲ್ಲ. ಯಾರ ಮೇಲೆ ಬೇಕಾದರೂ ತೀರ್ಪು ಹೇಳುವ ನಾಲಗೆ ಸ್ವತಂತ್ರವಾಗಿರಬೇಕು ಅಂತ. ಮದುವೆಗೆ ಹೋದರೆ ಬಾಳೆಹಣ್ಣು ಮತ್ತು ಪಾನಕ, ಅಷ್ಟೇ.

ಚಾವಡಿಗೆ ಸೂಕ್ಷ್ಮದರ್ಶಕ ಹೊತ್ತುಕೊಂಡು ಹೋಗಿ ಇಟ್ಟೆ. ಸದಸ್ಯರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಹಿರಿಯ ಸದಸ್ಯರೊಬ್ಬರು ತಮ್ಮದೇ ರೆಪ್ಪೆಕೂದಲು ನೋಡಿ ಕೈಮುಗಿದು ಬಂದು ಕೂತರು. ಡಾಕ್ಟರು ನೋಡಿದ ಕೂಡಲೇ ಒಳಮನೆಯವರ ಆಕಾರ ಕೆಟ್ಟಿದೆ, ಇದು ಹಿಂಸೆ ಅಂದರು. ಸಭೆಯಲ್ಲಿ ಗುಜುಗುಜು ಎದ್ದಿತು. ನೀಲು ನನ್ನ ಪಕ್ಕದ ಬೆಂಚಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಮರುಳಸಿದ್ದಪ್ಪನವರು ಖಾಲಿ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು.

"ಇವರು ಸಾಯ್ತಾರೇನಮ್ಮ?" ಅಂತ ಕೇಳಿದರು.

"ಪುಡಿಯಿಂದ ಸಾಯಲ್ಲ. ನೋಡಿ, ಎಲ್ರೂ ಅಲ್ಲಾಡ್ತಾ ಇದಾರೆ."

"ಹೊರಗೆ ಹೋಗ್ತಾರಾ?"

"ಹೋಗಲ್ಲ. ಅವರ ಕೈಲಿ ಎಲ್ಲಿಗೂ ಹೋಗಕ್ಕಾಗಲ್ಲ."

"ಮತ್ತೆ ಏನಾಗ್ತದೆ ಇದರಿಂದ?"

ನಾನು ನೀಲುವಿನ ತಲೆಯನ್ನು ಸ್ವಲ್ಪ ಸರಿಪಡಿಸಿಕೊಂಡು ಹೇಳಿದೆ. "ಪಾಲಾಗೋದು ನಿಲ್ತದೆ, ಅಷ್ಟೇ. ಅಣ್ಣತಮ್ಮಂದಿರು ಬೇರೆ ಹೋಗದೆ ಒಂದೇ ಮೈಯೊಳಗೆ ಇರ್ತಾರೆ."

ಮರುಳಸಿದ್ದಪ್ಪನವರು ಮತ್ತೆ ಬಗ್ಗಿದರು. ಈ ಸಲ ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಮಾಡಿದ ಭಾಷಣವನ್ನು ಪೂರ್ತಿ ಹೇಳಿದರೆ ನೀವೂ ನೀಲುವಿನ ಹಾಗೆ ಮಲಗುತ್ತೀರಿ. ಸಾರಾಂಶ ಇಷ್ಟು. ಕಣ್ಣಿಗೆ ಕಾಣದ ಜೀವಿಗಳೂ ಕೂಡಿ ಬಾಳಬಹುದಾದರೆ ಮನುಷ್ಯರಿಗೆ ಏನು ದಾಡಿ, ಮನೆ ಮುರಿಯುವ ಕತ್ತರಿಯನ್ನು ಹಿಡಿದು ನಿಲ್ಲಿಸುವುದು ಹಿಂಸೆಯಲ್ಲ, ಅದು ಧರ್ಮ. ಅಪ್ಪಣೆ ಸಿಕ್ಕಿತು. ಡಾಕ್ಟರು ಕೂಡ ಚಪ್ಪಾಳೆ ತಟ್ಟಿದರು. ಆ ಸದ್ದಿಗೂ ನೀಲು ಏಳಲಿಲ್ಲ.

ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವಾಗ ಮರುಳಸಿದ್ದಪ್ಪನವರೇ ಬಂದರು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, ಆ ಪುಡಿಯಲ್ಲಿ ತಮಗೂ ಸ್ವಲ್ಪ ಬೇಕು ಅಂದರು. ಚಿಕ್ಕ ತಮ್ಮ ಪಾಲು ಕೇಳುತ್ತಿದ್ದಾನಂತೆ. ಮನೆಯವರೆಲ್ಲರ ಮಜ್ಜಿಗೆಗೆ ಬೆರೆಸಿಬಿಟ್ಟರೆ ಆ ಕತ್ತರಿ ಎಲ್ಲಿದ್ದರೂ ನಿಂತುಹೋಗುತ್ತದಲ್ಲ ಅಂತ. ಇದು ಬಾಲದವರೊಳಗಿನ ಕಿಣ್ವಕ್ಕೆ ಮಾಡಿದ್ದು, ತಮ್ಮಂದಿರ ಮೇಲೆ ನಡೆಯುವುದಿಲ್ಲ ಅಂತ ಬಗೆಬಗೆಯಾಗಿ ಹೇಳಿದೆ. ಅವರು ನಗುತ್ತ, ಕೊಟ್ಟ ಅಪ್ಪಣೆಯನ್ನು ವಾಪಸು ತೆಗೆದುಕೊಳ್ಳುವುದೂ ಅಧ್ಯಕ್ಷರ ಕೈಯಲ್ಲೇ ಇದೆ ಅಂತ ನೆನಪಿಸಿದರು. ನನ್ನ ಹತ್ತಿರ ಇದ್ದ ಪುಡಿ ನೀಲುವಿಗೇ ಸಾಲದಷ್ಟಿತ್ತು. ಮನೆಗೆ ಹೋಗಿ ಮೆಂತ್ಯ ಹುರಿದು, ನುಣ್ಣಗೆ ಪುಡಿ ಮಾಡಿ, ಅವರಿಗೆ ಕಟ್ಟಿ ಕೊಟ್ಟೆ. ಅದೂ ಕಹಿಯೇ, ಅಸಲಿ ಪುಡಿಯ ಬಣ್ಣವನ್ನು ಅವರು ಕಂಡವರಲ್ಲ. ಅವರು ನಾಲಗೆಗೆ ಹಚ್ಚಿ ನೋಡಿ, ಸರಿಯಾದ ಮಾಲು ಅಂತ ತಲೆಯಾಡಿಸಿಕೊಂಡು ಹೋದರು.

ನೀಲುವಿಗೆ ಪುಡಿ ಶುರುಮಾಡಿದೆ. ಕೆಲವು ದಿನ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅವಳು ಮೆಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಏನಕ್ಕ ಇಷ್ಟು ಹೊತ್ತು ಮಾಡಿದೆ, ಅನ್ನ ಆರಿಹೋಯ್ತು ಅಂತ ಬೈದಳು. ನನಗೆ ಆ ಬೈಗುಳ ಕೇಳಿ ಎಷ್ಟು ಸಂತೋಷವಾಯಿತೆಂದರೆ ಆರಿದ ಅನ್ನವನ್ನೇ ಎರಡು ಸಲ ಹಾಕಿಸಿಕೊಂಡೆ. ಆದರೆ ಅದು ಅರ್ಧ ದಾರಿ ಅಷ್ಟೇ. ನಡುವೆ ಪುಡಿ ನಿಲ್ಲಿಸಿದರೆ ಕತ್ತರಿಗೆ ಮತ್ತೆ ಬಾಯಿ ಬರುತ್ತದೆ, ಅಷ್ಟು ದಿನ ತಡೆದಿಟ್ಟ ಪಾಲೆಲ್ಲ ಒಂದೇ ಸಲ ಆಗುತ್ತದೆ. ಆಗ ಅವಳ ಗತಿ ಮೊದಲಿಗಿಂತ ಕೆಡುತ್ತದೆ. ಇದನ್ನು ನೀಲುವಿಗೂ ಹೇಳಿದೆ. ಅವಳು ಸುಮ್ಮನೆ ಹೂಂ ಅಂದಳು.

ಮರುಳಸಿದ್ದಪ್ಪನವರ ಮನೆಯಲ್ಲಿ ಮೆಂತ್ಯ ತನ್ನ ಕೆಲಸ ಮಾಡಿತು. ಮಜ್ಜಿಗೆ ಕಹಿ ಅಂತ ಹಾಲಮ್ಮ ಗಂಗಮ್ಮನನ್ನು ಅಂದಳು, ಕಡೆದವಳು ನೀನೇ ಅಂತ ಗಂಗಮ್ಮ ಹಾಲಮ್ಮನನ್ನು ಅಂದಳು. ಮಾರನೆ ದಿನ ಇಬ್ಬರೂ ಬೇರೆ ಬೇರೆ ಕಡೆದರು, ಎರಡೂ ಕಹಿಯಾಯಿತು, ಏಕೆಂದರೆ ಅಧ್ಯಕ್ಷರು ಎರಡಕ್ಕೂ ಹಾಕಿದ್ದರು. ಇವಳು ಬೇಕಂತಲೇ ಕಲಸುತ್ತಾಳೆ ಅಂತ ಇಬ್ಬರಿಗೂ ಖಾತ್ರಿಯಾಯಿತು. ಗಂಡಂದಿರು ಮಧ್ಯೆ ಬಂದರು, ಹೆಂಡತಿಯರ ತವರುಮನೆಗಳ ಹೆಸರು ಬಂತು, ಕೊನೆಗೆ ಪಡಸಾಲೆಯ ನಡುವೆ ಗೋಡೆ ಬಂತು. ಮೂರು ತಲೆಮಾರು ಉರಿದ ಒಲೆ ಒಡೆದು ಎರಡಾಯಿತು.

ಗೋಡೆಗೆ ಸುಣ್ಣ ಬಳಿದ ಮಾರನೆ ದಿನ ಮಧ್ಯಾಹ್ನ ಮರುಳಸಿದ್ದಪ್ಪನವರು ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಮುಖ ಕೆಂಪಗಿತ್ತು, ಖಾಲಿ ತೋಳು ಕೋಪಕ್ಕೆ ನಡುಗುತ್ತಿತ್ತು. ನಿನ್ನ ಪುಡಿ ಕೂಡಿಸುವುದಲ್ಲ, ಒಡೆಯುವುದು, ನನ್ನ ಮನೆಯನ್ನೇ ಒಡೆದಿದೆ, ಪಾಪ ಆ ಬಾಲದವರ ಮನೆಗಳೆಷ್ಟು ಒಡೆದಿದೆಯೋ ಅಂದರು. ಸಂಜೆ ಚಾವಡಿಯಲ್ಲಿ ನಿನ್ನ ಮೇಲೆ ನಾನೇ ದೂರು ಹೇಳುತ್ತೇನೆ, ಅಪ್ಪಣೆ ರದ್ದು, ಪುಡಿಯನ್ನು ತಂದು ಎಲ್ಲರೆದುರು ನೀರಿಗೆ ಸುರಿಯಬೇಕು ಅಂದರು. ಅವರಿಗೆ ಕೊಟ್ಟದ್ದು ಮೆಂತ್ಯ ಅಂತ ಹೇಳಿದರೆ ಮೋಸಕ್ಕೆ ಅಪ್ಪಣೆ ರದ್ದಾಗುತ್ತದೆ, ಹೇಳದಿದ್ದರೆ ಮನೆ ಒಡೆದದ್ದಕ್ಕೆ ರದ್ದಾಗುತ್ತದೆ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಸಿಗುವುದು ಏಳದೆ ಮಲಗಿದ ನೀಲು.

ನೀಲು ಒಳಗಿನಿಂದ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅವರನ್ನು ಅಡಿಯಿಂದ ಮುಡಿಯವರೆಗೆ, ಬಟ್ಟೆಯ ಅಳತೆ ತೆಗೆಯುವವಳ ಹಾಗೆ, ಒಮ್ಮೆ ನೋಡಿದಳು.

"ಸೊರಗಿದೀರಲ್ಲ ಸಿದ್ದಪ್ಪನೋರೆ. ಊಟ ಆಯ್ತಾ?"

ಆ ಪ್ರಶ್ನೆಗೆ ಅಂಥ ಕೋಪದ ಮನುಷ್ಯ ಗಕ್ಕನೆ ನಿಂತುಬಿಟ್ಟರು. ಆಮೇಲೆ ಒಂದೊಂದೇ ಹೊರಗೆ ಬಂತು. ಬಾವ ಆ ಕಡೆ ಉಂಡಿರುತ್ತಾರೆ ಅಂತ ಹಾಲಮ್ಮ ಅಂದುಕೊಳ್ಳುತ್ತಾಳೆ, ಈ ಕಡೆ ಉಂಡಿರುತ್ತಾರೆ ಅಂತ ಗಂಗಮ್ಮ ಅಂದುಕೊಳ್ಳುತ್ತಾಳೆ. ತಾವಾಗಿ ಕೇಳಲು ಇವರಿಗೆ ನಾಚಿಕೆ. ಗೋಡೆ ಎದ್ದಾಗಿನಿಂದ ಬಾಳೆಹಣ್ಣಿನ ಮೇಲೆ ಇದ್ದರು. ಅದನ್ನು ಹೇಳುವಾಗ ಅವರ ದನಿ ಕ್ಷೀಣಿಸಿತು, ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅಂದು ನೀಲು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ವಾಸನೆ ಬೀದಿಗೆ ಬರುತ್ತಿತ್ತು.

ಎಲೆಗಳು ಆಗಲೇ ಹಾಕಿದ್ದವು. ಒಂದು ನನ್ನದು, ಒಂದು ಅವಳದು, ಪಕ್ಕದಲ್ಲಿ ಒಳಮನೆಯವರದು. ಆ ಮೂರನೆಯದರ ಮುಂದೆ ಮಣೆ ಹಾಕಿ, ದೂರು ಹೇಳೋಕೆ ಸಂಜೆವರೆಗೂ ಹೊತ್ತಿದೆ, ಈಗ ಕೂತ್ಕೊಳ್ಳಿ ಅಂದಳು. ಅವರು ಕೂತರು. ಅನ್ನ ಬಿತ್ತು, ಎಣ್ಣೆಗಾಯಿ ಬಿತ್ತು, ಹೊರಗಿದ್ದ ಒಂದೇ ಕೈ ಎಲೆಗೂ ಬಾಯಿಗೂ ಓಡಾಡತೊಡಗಿತು. ಮೊದಲನೆ ಅನ್ನ ಮುಗಿದು ಎರಡನೆಯದಕ್ಕೆ ಸಾರು ಬಿಡುವಾಗ ನೀಲು ಮೆಲ್ಲಗೆ ಕೇಳಿದಳು.

"ಉಪ್ಪು ಸರಿಯಾಗಿದೆಯಾ?"

ತುತ್ತು ಬಾಯಿಯ ಹತ್ತಿರವೇ ನಿಂತಿತು. ಮರುಳಸಿದ್ದಪ್ಪನವರು ಎಲೆಯ ತುದಿ ನೋಡಿದರು, ಅಲ್ಲಿದ್ದ ಉಪ್ಪು ಆಗಲೇ ಖರ್ಚಾಗಿತ್ತು. ನೀಲುವನ್ನು ನೋಡಿದರು, ನನ್ನನ್ನು ನೋಡಿದರು. ನಾನೂ ಅರ್ಥಮಾಡಿಕೊಂಡದ್ದು ಆಗಷ್ಟೇ, ಸತ್ಯವಾಗಿ ಹೇಳುತ್ತೇನೆ. ಈ ಮನೆಯ ಮೇಲೆ ಅವರು ಇನ್ನು ಯಾವ ಚಾವಡಿಯಲ್ಲೂ ಬಾಯಿ ಬಿಡುವಂತಿರಲಿಲ್ಲ. ಕೊನೆಗೆ, ಸರಿಯಾಗಿದೆಯಮ್ಮ ಅಂದರು. ಆ ತುತ್ತನ್ನು ನುಂಗಿದರು. ಮಜ್ಜಿಗೆ ಬಂದಾಗ ಮಾತ್ರ ಮೊದಲು ಬೆರಳಲ್ಲಿ ಅದ್ದಿ ರುಚಿ ನೋಡಿದರು.

ಪುಡಿ ಪೂರ್ತಿಯಾಗುವವರೆಗೆ ಯಾರೂ ತಡೆಯಲಿಲ್ಲ. ಕೂಡಿ ಬಾಳಿದ ಬಾಲದವರು ದಿನೇ ದಿನೇ ದಪ್ಪಗಾಗಿ, ಯಜಮಾನರು ಹೆಚ್ಚಾಗಿ, ಒಬ್ಬರ ಬಾಲ ಒಬ್ಬರು ಎಳೆದಾಡಿ, ಕೊನೆಗೆ ತಮ್ಮ ಭಾರಕ್ಕೆ ತಾವೇ ಬಿರಿದುಹೋದರು. ಯಾರೂ ಕೊಲ್ಲಲಿಲ್ಲ, ಯಾರೂ ಹೊರಗೆ ಹಾಕಲಿಲ್ಲ, ಅದು ಅವರ ಸಂಸಾರದ ವಿಷಯ. ಡಾಕ್ಟರು ಕೊನೆಯ ಹನಿ ನೋಡಿ, ಒಳಮನೆ ಖಾಲಿಯಾಯಿತು ಅಂತ ಟೊಪ್ಪಿ ತೆಗೆದು ನಿಂತರು. ಊರಿನವರು ಪದ್ಧತಿಯಂತೆ ಮಾತಾಡಿಸಿಕೊಂಡು ಹೋಗಲು ಬಂದರು. ನೀಲು ಎಲ್ಲರೆದುರು ತಲೆ ತಗ್ಗಿಸಿ ಕೂತು, ಅವರು ಹೋದ ಮೇಲೆ ಒಂದು ಇಡೀ ಪಪ್ಪಾಯಿ ತಿಂದಳು.

ಮೂರನೆ ಎಲೆ ಹಾಕುವುದು ಮಾತ್ರ ನಿಲ್ಲಲಿಲ್ಲ. ಉಪ್ಪು ತಿಂದವರನ್ನು ಹೊರಗೆ ಹಾಕುವಂತಿಲ್ಲವಲ್ಲ. ಮರುಳಸಿದ್ದಪ್ಪನವರು ಪ್ರತಿ ಮಧ್ಯಾಹ್ನ ಅಡುಗೆಯಾಗುವ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಅವಿಭಕ್ತ ಕುಟುಂಬದ ಬಗ್ಗೆ ಸ್ವಲ್ಪ ಮಾತಾಡುತ್ತಾರೆ, ನಾಳೆ ಏನು ಸಾರು ಅಂತ ಕೇಳಿಕೊಂಡು ಹೋಗುತ್ತಾರೆ. ಇವರ ಮೇಲೆ ನಡೆಯುವ ಯಾವ ಪುಡಿಯೂ ನನ್ನ ಪ್ರಯೋಗಶಾಲೆಯಲ್ಲಿಲ್ಲ.

ಮೊನ್ನೆ ನೀಲು ಅವರಿಗೊಂದು ಹೊಸ ಜುಬ್ಬ ಹೊಲಿದು ಕೊಟ್ಟಳು. ಇಡೀ ಮಧ್ಯಾಹ್ನ ಎಚ್ಚರವಾಗಿದ್ದು, ಒಮ್ಮೆಯೂ ಆಕಳಿಸದೆ, ಕೂತಲ್ಲಿಂದ ಏಳದೆ ಮುಗಿಸಿದಳು. ಬಲಗಡೆಗೆ ಒಂದು ತೋಳು, ಎಡಗಡೆಗೆ ಒಂದು ತೋಳು. ಹಗ್ಗದ ಮೇಲೆ ನೇತುಹಾಕಿದ್ದ ಆ ಎರಡು ತೋಳುಗಳನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತು ಬಂದೆ. ಮರುಳಸಿದ್ದಪ್ಪನವರು ಅದನ್ನು ತೊಟ್ಟು, ಅಷ್ಟು ದಿನ ಮಡಚಿಟ್ಟಿದ್ದ ಎಡಗೈಯನ್ನು ಹೊರಗೆ ತೆಗೆದು, ಬೆರಳುಗಳನ್ನು ಬಿಡಿಸಿ ನೋಡಿಕೊಂಡರು. ಆಮೇಲೆ ಎಲೆಯ ಮುಂದೆ ಕೂತು, ಇನ್ನು ಮೇಲೆ ನಾನೇ ಬಡಿಸಿಕೊಳ್ಳಬಹುದು ಅಂತ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು.